ಲೈಟ್ ಬಂತಾ ಟೀಚರಮ್ಮ?

ನನ್ನ ಕಾರಿನ ಡಿಕ್ಕಿ ತೆಗೆದರೆ ಗೂಡು ಬೇಯಿಸಿದ ವಾಸನೆ ಬರುತ್ತದೆ. ಶಿಡ್ಲಘಟ್ಟದವರಿಗೆ ರೇಷ್ಮೆಗೂಡಿನ ವಾಸನೆ ಹೊಸದೇನಲ್ಲ, ನಾವೆಲ್ಲ ಅದರಲ್ಲೇ ಹುಟ್ಟಿ ಬೆಳೆದವರು. ಆದರೆ ಬೀದಿಯಲ್ಲಿ ಬರುವ ವಾಸನೆಯೇ ಬೇರೆ, ಕಿಟಕಿ ಏರಿಸಿದ ಕಾರಿನೊಳಗೆ ಚಿಕ್ಕಬಳ್ಳಾಪುರದ ತನಕ ಜೊತೆಗೆ ಬರುವ ವಾಸನೆಯೇ ಬೇರೆ. ಇದಕ್ಕೆಲ್ಲ ಕಾರಣ ಡಿಕ್ಕಿಯಲ್ಲಿರುವ, ಟೈರಿಗೆ ಗಾಳಿ ಹೊಡೆಯುವ ಒಂದು ಹಳೇ ಕೈಪಂಪು. ಸೋಪು ಹಾಕಿ ತೊಳೆದಿದ್ದೇನೆ, ಬಿಸಿಲಿಗೆ ಒಣಗಿಸಿದ್ದೇನೆ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟಿದ್ದೇನೆ. ಅಮ್ಮ ಈಗಲೂ ಸೆರಗು ಮೂಗಿಗೆ ಒತ್ತಿಕೊಂಡೇ ಕೂರುತ್ತಾಳೆ. ಅದನ್ನು ಅವರ ಮನೆಗೇ ಕೊಟ್ಟುಬಿಡು ಎಂದು ವಾರಕ್ಕೊಮ್ಮೆಯಾದರೂ ಹೇಳುತ್ತಾಳೆ. ಕೊಡಲು ಮನಸ್ಸಾಗುವುದಿಲ್ಲ...

ಪಂಪು ಎದುರು ಮನೆಯ ಚಾಚಾ ಅವರದು. ಒಂದು ಕಾಲಕ್ಕೆ ಮನೆಯ ಹಿಂದೆಯೇ ಸಣ್ಣದೊಂದು ಫಿಲೇಚರ್ ಇಟ್ಟುಕೊಂಡು ಗೂಡು ಬೇಯಿಸಿ ನೂಲು ತೆಗೆಸುತ್ತಿದ್ದವರು. ಪಂಪು ವರ್ಷಗಟ್ಟಲೆ ಬಿದ್ದಿದ್ದದ್ದೂ ಆ ಶೆಡ್ಡಿನಲ್ಲೇ. ವಯಸ್ಸಾಗಿ, ಎದೆನೋವು ಕಾಣಿಸಿಕೊಂಡ ಮೇಲೆ ಬಾಯ್ಲರ್ ಆರಿಸಿ, ಶೆಡ್ಡಿಗೆ ಬೀಗ ಹಾಕಿ, ಜಗಲಿಯ ಮೇಲೆ ಕುರ್ಚಿ ಹಾಕಿಕೊಂಡು ಕೂತರು. ನಮ್ಮ ಮನೆಯ ಮುಂದೆ ಕಾರು ನಿಲ್ಲಿಸಲು ಜಾಗವಿಲ್ಲ. ಹಾಗಾಗಿ ಅವರ ಜಗಲಿಯ ಕೆಳಗೇ ನಿಲ್ಲಿಸುತ್ತಿದ್ದೆ. ಅವರು ಒಂದು ದಿನವೂ ಬೇಡವೆನ್ನಲಿಲ್ಲ. ಆದರೆ ಜಾಗ ಕೊಟ್ಟವರು ಕಾರನ್ನೂ ತಮ್ಮದೇ ಎಂದುಕೊಂಡುಬಿಟ್ಟರು.

ಜೀವನವಿಡೀ ಗೂಡಿನ ಮಾರ್ಕೆಟ್ಟಿನಲ್ಲಿ ಕಳೆದ ಮನುಷ್ಯ. ಗೂಡನ್ನು ಬೆರಳಲ್ಲಿ ಅದುಮಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಆಮೇಲೆ ಹರಾಜು ಕೂಗುವುದು ಅವರ ಕಸುಬು. ಮಾರ್ಕೆಟ್ಟಿಗೆ ಹೋಗುವುದು ನಿಂತರೂ ಚಾಳಿ ನಿಲ್ಲಲಿಲ್ಲ. ನಾನು ಮೇಲೂರಿನ ಸ್ಕೂಲಿನಿಂದ ಬಂದು ಕಾರು ನಿಲ್ಲಿಸುತ್ತಿದ್ದ ಹಾಗೇ ಜಗಲಿಯಿಂದ ಇಳಿದು ಬರುವರು. ನಾಲ್ಕೂ ಟೈರು ಹೆಬ್ಬೆರಳಲ್ಲಿ ಅದುಮುವರು. ಬಗ್ಗಿ ಕಿವಿ ಕೊಡುವರು. ಬೆರಳಿಗೆ ಎಂಜಲು ಹಚ್ಚಿಕೊಂಡು ಗಾಳಿ ತುಂಬುವ ವಾಲ್ವಿನ ಬಾಯಿಗೆ ಸವರಿ ದಿಟ್ಟಿಸುವರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಇದು ಗೂಡಲ್ಲ ಚಾಚಾ, ಕಾರು ಎಂದು ಹೇಳಿಯೂ ನೋಡಿದ್ದೆ. ಅವರು ತಲೆಯೆತ್ತುತ್ತಿರಲಿಲ್ಲ. ಊಟ ಆಯಿತಾ, ಅಮ್ಮ ಹೇಗಿದ್ದಾರೆ ಎನ್ನುವುದಕ್ಕೂ ಮೊದಲು ಅವರ ಬಾಯಿಂದ ಬರುತ್ತಿದ್ದ ಮಾತು ಒಂದೇ.

"ಲೈಟ್ ಬಂತಾ ಟೀಚರಮ್ಮ?"

ಲೈಟ್ ಎಂದರೆ ಟೈರಿನಲ್ಲಿ ಗಾಳಿ ಕಡಿಮೆಯಾದಾಗ ಸ್ಟೇರಿಂಗಿನ ಹಿಂದೆ ಹೊತ್ತಿಕೊಳ್ಳುವ ಹಳದಿ ದೀಪ. ಕುದುರೆ ಲಾಳದ ಆಕಾರ, ನಡುವೆ ಒಂದು ಆಶ್ಚರ್ಯಸೂಚಕ ಚಿಹ್ನೆ. ಕಾರು ತಂದ ಹೊಸದರಲ್ಲಿ ನಾನೇ ಜಂಬದಿಂದ ಅವರಿಗೆ ತೋರಿಸಿದ್ದೆ. ಪ್ರತಿ ಚಕ್ರದೊಳಗೂ ಒಂದು ಸೆನ್ಸರ್ ಕೂತಿದೆ, ಅದೇ ಎಲ್ಲ ನೋಡಿಕೊಳ್ಳುತ್ತದೆ ಎಂದಿದ್ದೆ. ಅವರಿಗೆ ನೆನಪಾದದ್ದು ತಮ್ಮ ಬಾಯ್ಲರು. ಬಾಯ್ಲರಿನಲ್ಲಿ ನೀರು ಇಳಿದು ದೀಪ ಹತ್ತಿದರೆ ಫಿಲೇಚರಿನಲ್ಲಿ ಎಲ್ಲರೂ ಕೆಲಸ ನಿಲ್ಲಿಸಬೇಕಿತ್ತು. ಕಾರೂ ಹಾಗೆಯೇ, ದೀಪ ಬಂದರೆ ತಾನಾಗಿ ನಿಂತುಬಿಡುತ್ತದೆ ಎಂದು ಅವತ್ತೇ ತೀರ್ಮಾನಿಸಿಬಿಟ್ಟರು. ಹಾಗೇನಿಲ್ಲ ಎಂದು ಎಷ್ಟು ಬಿಡಿಸಿ ಹೇಳಿದರೂ ತಲೆಯಾಡಿಸುವರು, ಮರುದಿನ ಅದೇ ಪ್ರಶ್ನೆ. ಇಲ್ಲ ಚಾಚಾ, ಬರಲಿಲ್ಲ ಎಂದರೆ ಮಾತ್ರ ಮುಖದಲ್ಲಿ ಒಂದು ಸಮಾಧಾನ.

ಆ ಸಮಾಧಾನ ಯಾಕೆ ಎಂದು ನಾನು ಕೇಳಲಿಲ್ಲ. ಅಮ್ಮನಿಗೆ ಸೋಮವಾರ, ಗುರುವಾರ ಚಿಕ್ಕಬಳ್ಳಾಪುರದಲ್ಲಿ ಡಯಾಲಿಸಿಸ್. ಹೊತ್ತಿಗೆ ಸರಿಯಾಗಿ ಹೋಗದಿದ್ದರೆ ಬೆಡ್ಡು ಇನ್ನೊಬ್ಬರಿಗೆ ಹೋಗುತ್ತದೆ. ಒಂದು ಸರದಿ ತಪ್ಪಿದರೆ ಅಮ್ಮನ ಕಾಲು ಊದಿಕೊಂಡು ಉಸಿರಾಡುವುದೇ ಕಷ್ಟವಾಗುತ್ತದೆ. ಇದು ಬೀದಿಗೆಲ್ಲ ಗೊತ್ತಿದ್ದ ವಿಷಯ. ನನ್ನ ತಲೆಯಲ್ಲಿ ಅದರ ಹೊರತು ಬೇರೇನೂ ಇರುತ್ತಿರಲಿಲ್ಲ.

ಹೋದ ಚಳಿಗಾಲದಲ್ಲಿ ಚಾಚಾ ತೀರಿಕೊಂಡರು. ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ.

ಅವರು ಹೋಗಿ ವಾರವೂ ಕಳೆದಿರಲಿಲ್ಲ, ದೀಪ ಹೊತ್ತಿಕೊಂಡಿತು. ಪೆಟ್ರೋಲ್ ಬಂಕಿನಲ್ಲಿ ಗಾಳಿ ಹಿಡಿಸಿದೆ, ಆರಿತು. ಐದಾರು ದಿನಕ್ಕೆ ಮತ್ತೆ ಬಂತು. ಚಳಿಗೆ ಹಾಗಾಗುತ್ತದೆ ಎಂದರು ಬಂಕಿನವರು. ಸರಿ, ಚಳಿ ಮುಗಿಯಿತು, ಬಿಸಿಲು ಬಂತು, ಗಾಳಿ ಹಿಡಿಸಿದಷ್ಟು ಸಲವೂ ದೀಪ ಮತ್ತೆ ಬಂತು. ಕಾರಿನ ಜೊತೆ ಕೊಟ್ಟ ಪುಸ್ತಕ ಓದಿ ರೀಸೆಟ್ ಗುಂಡಿ ಒತ್ತಿದೆ. ಫೋನಿನಲ್ಲಿ ವೀಡಿಯೊ ನೋಡಿ ಬ್ಯಾಟರಿ ವೈರು ಬಿಚ್ಚಿ ಹಾಕಿದೆ. ದೀಪ ಇದ್ದಲ್ಲೇ ಇತ್ತು, ಗಡಿಯಾರ ಮತ್ತು ರೇಡಿಯೊ ಮಾತ್ರ ಕೆಟ್ಟವು. ಸಿಕ್ಕಸಿಕ್ಕಲ್ಲಿ ಆಶ್ಚರ್ಯಸೂಚಕ ಹಾಕುವ ಮಕ್ಕಳಿಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕುವ ಕನ್ನಡ ಟೀಚರ್ ನಾನು. ನನ್ನ ಕಣ್ಣೆದುರಿಗೇ ದಿನವಿಡೀ ಒಂದು ಆಶ್ಚರ್ಯಸೂಚಕ ಉರಿಯುತ್ತಿದ್ದರೆ ಹೇಗಾಗಬೇಡ!

ಸರ್ವಿಸ್ ಸೆಂಟರಿನವರು ಚಕ್ರವನ್ನು ಮುಟ್ಟಿಯೂ ನೋಡಲಿಲ್ಲ. ಸೆನ್ಸರಿನ ಬ್ಯಾಟರಿ ಮುಗಿದಿರಬೇಕು, ನಾಲ್ಕನ್ನೂ ಬದಲಾಯಿಸಬೇಕು, ಗಾಡಿ ಬಿಟ್ಟು ಹೋಗಿ, ಯಾವಾಗ ಆಗುತ್ತದೋ ಫೋನ್ ಮಾಡುತ್ತೇವೆ ಎಂದರು. ನಡುವೆ ಗುರುವಾರ ಬಂದರೆ ಏನು ಮಾಡಲಿ ಎಂದು ಕೇಳಿದ್ದಕ್ಕೆ ಕೌಂಟರಿನಲ್ಲಿದ್ದ ಹುಡುಗಿ ಮುಂದಿನವರ ಟೋಕನ್ ಕೂಗಿದಳು. ಕೀ ಕಿತ್ತುಕೊಂಡು ಬಂದುಬಿಟ್ಟೆ. ಅಮ್ಮ ನನ್ನ ಗೊಣಗಾಟ ಕೇಳಿ ಕೇಳಿ ಸಾಕಾಗಿ, ಹಣೆಯಿಂದ ಸ್ಟಿಕ್ಕರ್ ತೆಗೆದು ದೀಪದ ಮೇಲೆ ಅಂಟಿಸಿದಳು. ಸ್ಟಿಕ್ಕರಿನ ಸುತ್ತಲಿಂದ ಹಳದಿ ಬೆಳಕು ಇಣುಕುತ್ತಲೇ ಇತ್ತು.

ಕೊನೆಗೆ, ನಾನೇ ನೋಡಿಕೊಳ್ಳುತ್ತೇನೆ ಎಂದು ಕಾರಿಗೇ ಸಿಕ್ಕಿಸಿ ಗಾಳಿ ತುಂಬುವ ಪುಟ್ಟ ಕರೆಂಟ್ ಪಂಪು ತರಿಸಿದೆ. ಜೊತೆಗೆ ವಾಲ್ವಿನ ಪಿನ್ನು ತಿರುಗಿಸುವ ಬೆರಳುದ್ದದ ಕೀ ಉಚಿತವಾಗಿ ಬಂತು. ಅದನ್ನು ಡ್ಯಾಶ್‌ಬೋರ್ಡಿನ ಪೆಟ್ಟಿಗೆಗೆ ಎಸೆದೆ. ಆ ಗುರುವಾರ ಬೆಳಿಗ್ಗೆ ನೋಡುತ್ತೇನೆ, ಎಡಗಡೆಯ ಹಿಂದಿನ ಟೈರು ಕುಸಿದು ಕೂತಿದೆ. ಹೊಸ ಪಂಪು ಸಿಕ್ಕಿಸಿದರೆ ಎರಡು ಸಲ ಗುರ್ ಎಂದು ಸುಟ್ಟ ವಾಸನೆ ಬಿಟ್ಟು ಸುಮ್ಮನಾಯಿತು. ಅಮ್ಮ ಸೀರೆಯುಟ್ಟು ಹಿಂದಿನ ಸೀಟಿನಲ್ಲಿ ಕೂತಾಗಿದೆ. ಹೊತ್ತು ಓಡುತ್ತಿದೆ. ನನಗೆ ಅಳು ಬರುವ ಹಾಗಾಯಿತು.

ಆಗ ಎದುರು ಮನೆಯ ಬಾಗಿಲು ತೆರೆಯಿತು. ಚಾಚಾ ಅವರ ಹೆಂಡತಿ ಚಾಚಿ, ಜಗಲಿಯ ಮೂಲೆಯಿಂದ ಈ ಪಂಪು ಎತ್ತಿಕೊಂಡು ಇಳಿದು ಬಂದರು. ಚಾಚಾ ತಮ್ಮ ಮೊಪೆಡ್ ಮಾರಿ ಎಷ್ಟೋ ಕಾಲವಾಗಿತ್ತು. ಇದನ್ನು ಇನ್ನೂ ಯಾಕೆ ಇಟ್ಟುಕೊಂಡಿದ್ದೀರಿ ಎಂದು ಗಾಳಿ ಹೊಡೆಯುತ್ತಲೇ ಕೇಳಿದೆ.

"ನಿಮ್ ಗಾಡೀಗೇ ಅಲ್ವಾ ಬೇಟಿ," ಎಂದರು ಚಾಚಿ. "ಸೋಮವಾರ, ಗುರುವಾರ ಬೆಳಗಿನ ನಮಾಜ್ ಮುಗಿಸ್ಕೊಂಡು ಬಂದೋರು ಸೀದಾ ಈ ಚಕ್ರದ ಹತ್ರಾನೇ ಬರೋರು. ರೋಜಾ ಉಪವಾಸ ಇದ್ದಾಗ್ಲೂ ಬಿಡ್ಲಿಲ್ಲ. ಟೀಚರಮ್ಮಂಗೆ ಒಂದ್ ಮಾತು ಹೇಳ್ರೀ ಅಂದ್ರೆ, ಹೇಳಿದ್ರೆ ಗಾಡಿ ರಿಪೇರಿಗೆ ಬಿಡ್ತಾರೆ, ಅವರಮ್ಮನ್ನ ಯಾರು ಕರ್ಕೊಂಡ್ ಹೋಗ್ತಾರೆ ಅನ್ನೋರು."

ನನ್ನ ಕೈ ನಿಂತಿತು. ಆ ಹೊತ್ತಿನಲ್ಲಿ ನಾನು ಯಾವಾಗಲೂ ಹಿತ್ತಲ ಬಚ್ಚಲಲ್ಲಿ ಅಮ್ಮನಿಗೆ ನೀರು ಹಾಕುತ್ತಿದ್ದೆ. ಹೊರಗೆ ಏನು ನಡೆಯುತ್ತಿದೆ ಎಂದು ತಿಳಿಯುವಂತಿರಲಿಲ್ಲ... ನಿಲ್ಲಿಸಬೇಡಿ, ಹೊತ್ತಾಗುತ್ತೆ ಎಂದರು ಚಾಚಿ. ಉಳಿದ ಗಾಳಿ ಹೊಡೆದು, ಪಂಪನ್ನೂ ಡಿಕ್ಕಿಗೆ ಹಾಕಿಕೊಂಡು ಹೊರಟೆ. ಅಮ್ಮನಿಗೆ ಬೆಡ್ಡು ಸಿಕ್ಕಿತು.

ಅವಳನ್ನು ಒಳಗೆ ಮಲಗಿಸಿ, ಆಸ್ಪತ್ರೆಯ ಅಂಗಳದಲ್ಲಿ ಆ ಚಕ್ರದ ಪಕ್ಕ ಕುಕ್ಕರಗಾಲಿನಲ್ಲಿ ಕೂತೆ. ಸುತ್ತ ಜನ ಓಡಾಡುತ್ತಿದ್ದರು. ನಾಚಿಕೆ ಬಿಟ್ಟು ಬೆರಳಿಗೆ ಎಂಜಲು ಹಚ್ಚಿ ವಾಲ್ವಿನ ಬಾಯಿಗೆ ಸವರಿದೆ. ಸಾಸಿವೆಕಾಳಿನಷ್ಟು ಗುಳ್ಳೆ ಎದ್ದಿತು, ಒಡೆಯಿತು, ಮತ್ತೆ ಎದ್ದಿತು. ಪಿನ್ನು ಸಡಿಲವಾಗಿತ್ತು, ಅಷ್ಟೇ. ಸೆನ್ಸರ್ ಸುಳ್ಳು ಹೇಳಿರಲಿಲ್ಲ. ಪೆಟ್ಟಿಗೆಯಿಂದ ಆ ಪುಟ್ಟ ಕೀ ತಂದು ಒಂದು ಸುತ್ತು ತಿರುಗಿಸಿದೆ. ಗುಳ್ಳೆ ನಿಂತಿತು.

ನನಗೆ ಬಂದದ್ದು ಸಿಟ್ಟು. ಒಂದು ಸುತ್ತು ತಿರುಗಿಸಿದ್ದರೆ ಮುಗಿಯುತ್ತಿತ್ತಲ್ಲ ಚಾಚಾ! ಗುಳ್ಳೆ ಕಂಡಿದ್ದರು, ಕಾರಣ ಗೊತ್ತಿತ್ತು. ಪಿನ್ನು ಮುಟ್ಟಿದರೆ ಒಳಗಿನ ಸೆನ್ಸರ್ ಕೆಟ್ಟು, ದೀಪ ಹತ್ತಿ, ಗಾಡಿ ನಿಂತೇಹೋಗುತ್ತದೆ ಎಂದು ಹೆದರಿದ್ದರಂತೆ. ಇದನ್ನೂ ಚಾಚಿಯೇ ಆಮೇಲೆ ಹೇಳಿದರು. ಒಂದು ಮಾತು ಕೇಳಬಾರದಿತ್ತೇ? ಎದೆನೋವಿನ ಮನುಷ್ಯ, ಮಾತ್ರೆ ನುಂಗಿಕೊಂಡು ವರ್ಷಗಟ್ಟಲೆ ನನ್ನ ಕಾರಿಗೆ ಗಾಳಿ ಹೊಡೆಯುವುದೆಂದರೇನು? ಸಾಯಂಕಾಲ ಬಂದು ಏನೂ ಅರಿಯದವರ ಹಾಗೆ ಲೈಟ್ ಬಂತಾ ಎಂದು ಕೇಳುವುದೆಂದರೇನು? ಎದುರಿಗಿದ್ದಿದ್ದರೆ ಚೆನ್ನಾಗಿ ಜಗಳವಾಡುತ್ತಿದ್ದೆ. ಜಗಳವಾಡಲಾದರೂ ಇರಬೇಕಿತ್ತು...

ಈಗ ಕಾರಿಗೆ ಯಾವ ತೊಂದರೆಯೂ ಇಲ್ಲ. ಅಮ್ಮನ ಸ್ಟಿಕ್ಕರ್ ಅಲ್ಲೇ ಇದೆ, ಅದರ ಹಿಂದೆ ಕತ್ತಲೆ. ಆದರೂ ಸೋಮವಾರ, ಗುರುವಾರ ಹೊರಡುವ ಮುಂಚೆ ಆ ಹಿಂದಿನ ಟೈರನ್ನು ಹೆಬ್ಬೆರಳಲ್ಲಿ ಅದುಮುತ್ತೇನೆ. ಅದುಮಿದರೆ ನನಗೇನು ತಿಳಿಯುತ್ತದೆ, ಮಣ್ಣು? ಅಮ್ಮ ಒಳಗಿಂದ ಹೊತ್ತಾಯಿತು ಎಂದು ಗದರುತ್ತಾಳೆ. ನಿನ್ನೆ ಸಂಜೆ ಎಂದಿನಂತೆ ಜಗಲಿಯ ಕೆಳಗೆ ಕಾರು ನಿಲ್ಲಿಸಿ ಇಳಿದೆ. ಕುರ್ಚಿಯನ್ನು ಗೋಡೆಗೆ ತಿರುಗಿಸಿ ಇಟ್ಟಿದ್ದರು. ಕಾರಿನ ಬಾಗಿಲು ಹಾಕಿ, ಆ ಕುರ್ಚಿಯ ಕಡೆ ತಿರುಗಿದೆ. ಲೈಟ್ ಬರಲಿಲ್ಲ ಚಾಚಾ ಎಂದು ಹೇಳುವುದಿತ್ತು. ಕೇಳುವವರು ಇರಲಿಲ್ಲ.