ಸುತ್ತುವ ಕುರಿ

ಮೊನ್ನೆ ಚಳ್ಳಕೆರೆಯ ಮಾಂಸದಂಗಡಿ ಸಾಲಿನಲ್ಲಿ ಕುರಿತಲೆ ಸುಡುತ್ತಿದ್ದರು. ಸುಟ್ಟ ಕೂದಲಿನ ವಾಸನೆಗೆ ಜನ ಮೂಗು ಮುಚ್ಚಿಕೊಂಡು ಸರಿದು ಹೋಗುತ್ತಾರೆ, ನಾನು ನಿಂತುಬಿಟ್ಟೆ. ಕುರಿತಲೆ ಕಂಡರೆ ನನಗೆ ದೇವಸಮುದ್ರದ ಬೋರಜ್ಜ ನೆನಪಾಗುತ್ತಾನೆ.

ತೊಂಬತ್ತರ ದಶಕದ ಕೊನೆ. ನಾನು ಅಲ್ಲಿ ಹೈಸ್ಕೂಲಿನ ಜೀವಶಾಸ್ತ್ರದ ಮೇಷ್ಟ್ರು. ದೇವರಿಲ್ಲವೆಂದು ಗೊತ್ತಾಗಿ ಹೆಚ್ಚು ದಿನವಾಗಿರಲಿಲ್ಲ, ಹಾಗಾಗಿ ಸಿಕ್ಕಿದವರಿಗೆಲ್ಲ ಹೇಳುವ ಚಪಲ. ಬೋರಜ್ಜ ಪಕ್ಕದ ಮನೆಯವನು, ಕುರಿ ಸಾಕುತ್ತಿದ್ದ. ಒಮ್ಮೆ ಅವನದೊಂದು ಕುರಿ ಮೇವು ಬಿಟ್ಟು ನಿಂತಲ್ಲೇ ಗಿರಗಿರ ಸುತ್ತತೊಡಗಿತು.

"ಅವ್ವ ಮೈಮೇಲೆ ಬಂದವ್ಳೆ ಮೇಷ್ಟ್ರೇ. ಪ್ರದಕ್ಷಿಣೆ ಹಾಕ್ತೈತೆ," ಎಂದು ಅದಕ್ಕೆ ಅರಿಶಿನ ಹಚ್ಚಿದ. ಅವ್ವ ಎಂದರೆ ಊರದೇವತೆ.

ವಾರದೊಳಗೆ ಕುರಿ ಸತ್ತಿತು. ತಲೆಯನ್ನು ಮಂದೆ ಕಾಯುವ ನಾಯಿಗೆ ಕೊಡುವುದು ಅವರ ಮನೆಯ ಪದ್ಧತಿ. ನಾನು ಅಡ್ಡ ಬಂದು, ಬುರುಡೆ ಒಡೆಸಿ, ಮಿದುಳಿನಿಂದ ನಿಂಬೆಹಣ್ಣಿನಷ್ಟು ದೊಡ್ಡ ನೀರುಗುಳ್ಳೆ ತೆಗೆದು ತೋರಿಸಿದೆ. ಒಳಗೆ ರವೆಯಂಥ ಬಿಳಿ ಚುಕ್ಕೆಗಳು, ಒಂದೊಂದೂ ಒಂದು ಲಾಡಿಹುಳುವಿನ ತಲೆ. ನಾಯಿ ಇದನ್ನು ತಿಂದರೆ ಹುಳು ಅದರ ಹೊಟ್ಟೆಯಲ್ಲಿ ಬೆಳೆಯುತ್ತದೆ, ಮೊಟ್ಟೆ ನಾಯಿಯ ಮಲದೊಡನೆ ಹುಲ್ಲಿಗೆ ಬೀಳುತ್ತದೆ, ಆ ಹುಲ್ಲನ್ನು ಮತ್ತೆ ಕುರಿ ಮೇಯುತ್ತದೆ. ಪಾಠ ಬಹಳ ಅಚ್ಚುಕಟ್ಟಾಗಿತ್ತು.

ಅಜ್ಜ ಬಗ್ಗಿ ಗುಳ್ಳೆಯನ್ನು ಬೆರಳಿನಿಂದ ಮುಟ್ಟಿ ನೋಡಿದ. "ನಮ್ ಗಂಗಿ ತಲ್ಯಾಗೂ ಇಂಥದೇ ಇತ್ತಾ?"

ಗಂಗಿ ಅವನ ಮಗಳು. ಮೂರ್ಛೆ ಬಂದು ಬಂದು ಹನ್ನೆರಡನೇ ವಯಸ್ಸಿಗೇ ತೀರಿಕೊಂಡವಳು. ಅವಳ ಮೈಮೇಲೂ ಅವ್ವ ಬರುತ್ತಾಳೆಂದೇ ಎಲ್ಲರೂ ನಂಬಿದ್ದರು.

"ಇದ್ದಿರಬಹುದು," ಎಂದೆ. ತಪ್ಪು ಉತ್ತರವೇನಲ್ಲ. ಆದರೂ ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

"ಅವ್ವ ಕರಕಂಡ್ಲು ಅಂದ್ಕಂಡಿದ್ದೆ," ಎಂದ ಅಜ್ಜ. "ಹಂಗಾರೆ ಹುಡುಗಿ ಸುಮ್ ಸುಮ್ನೆ ಸತ್ಲು."

ಅಂದಿನಿಂದ ಅವನು ತಲೆಗಳನ್ನು ಹೂಳತೊಡಗಿದ. ಬರಬರುತ್ತ ಕುರಿಗಳು ಸುತ್ತುವುದೂ ಕಡಿಮೆಯಾಯಿತು. ಆದರೆ ಶುಕ್ರವಾರ ಗುಡಿಗೆ ಹೋಗುವುದನ್ನು ಮಾತ್ರ ಬಿಡಲಿಲ್ಲ. ವರ್ಗವಾಗಿ ಹೊರಡುವ ದಿನ ತಡೆಯಲಾರದೆ ಕೇಳಿದೆ, "ಇನ್ನೂ ನಂಬ್ತೀರಾ ಅಜ್ಜ?"

"ನಂಬೋದು ಗಿಂಬೋದು ಗೊತ್ತಿಲ್ರಿ. ಹೋಗಿ ಬೈದು ಬರ್ತೀನಿ. ಬೈಯಾಕಾದ್ರೂ ಒಬ್ರು ಬೇಕಲ್ರಿ."

ಆಗ ನಕ್ಕಿದ್ದೆ. ಹೋದ ವರ್ಷ ನನ್ನ ಹೆಂಡತಿ ತೀರಿಕೊಂಡಳು. ಯಾವ ಜೀವಕೋಶ ಎಲ್ಲಿ ಕೆಟ್ಟಿತು, ಅಲ್ಲಿಂದ ಎಲ್ಲಿಗೆ ಹರಡಿತು ಎಂಬುದೆಲ್ಲ ತರಗತಿಯಲ್ಲಿ ಚಿತ್ರ ಬರೆದು ತೋರಿಸುವಷ್ಟು ಚೆನ್ನಾಗಿ ನನಗೆ ಗೊತ್ತು. ದೇವರನ್ನು ನಾನು ಈಗಲೂ ನಂಬುವುದಿಲ್ಲ. ಆದರೂ ನೋಡಿ, ಮೊನ್ನೆ ಅಂಗಡಿ ಸಾಲು ದಾಟಿದವನು ದಾರಿಯಲ್ಲಿ ಸಿಕ್ಕ ಸಣ್ಣ ಗುಡಿಯ ಮುಂದೆ ಚಪ್ಪಲಿ ಬಿಟ್ಟು ನಿಂತೆ. ಬೈಯೋಣವೆಂದರೆ ಒಂದು ಮಾತೂ ಬರಲಿಲ್ಲ. ಅಭ್ಯಾಸವಿಲ್ಲ.