ಹೆಸರು ಬೇಡ, ಹಕ್ಕಿ ಸಾಕು

ಆಸ್ಪತ್ರೆಯ ಗೇಟಿನ ದೀಪ ಇನ್ನೂ ಆರಿಲ್ಲ. ಉದ್ದನೆಯ ಕಾರಿಡಾರಿನಲ್ಲಿ ಎಕ್ಸ್‌ರೇ ಕೋಣೆ ದಾಟಿ, ಬ್ಯಾಂಡೇಜ್ ಕಟ್ಟುವ ಕೋಣೆಯನ್ನೂ ದಾಟಿದರೆ ಕಟ್ಟಕಡೆಗೊಂದು ಬಾಗಿಲು. ಅದರ ಮುಂದೆ ಚೀಟಿ ಅಕ್ಕ ನೆಲ ಒರೆಸುತ್ತಿದ್ದಾರೆ. ನೆಲ ಒರೆಸುವುದು ಈಗ ಅವರ ಕೆಲಸವೇನಲ್ಲ. ಆದರೂ ಬೇರೆಯವರು ಒರೆಸಿದರೆ ಸಮಾಧಾನವಿಲ್ಲ. ಕೈ ತೊಳೆದು ಬಂದು ಮೇಜಿನ ಖಾನೆಯಿಂದ ಒಂದು ಕಟ್ಟು ರಟ್ಟಿನ ಚೀಟಿ ತೆಗೆಯುತ್ತಾರೆ. ಇಸ್ಪೀಟು ಕಲೆಸಿದ ಹಾಗೆ ಅವನ್ನು ಕಲೆಸುತ್ತಾರೆ. ಒಂದೊಂದರ ಮೇಲೂ ಒಂದೊಂದು ಹಕ್ಕಿಯ ಚಿತ್ರವಿದೆ.

ಇದು ಲೈಂಗಿಕ ರೋಗಗಳ ಪರೀಕ್ಷೆ ನಡೆಯುವ ಕೋಣೆ. ಒಳಗೆ ಡಾಕ್ಟರು, ನರ್ಸು ಇದ್ದಾರೆ. ಹೊರಗೆ ಇರುವುದು ಚೀಟಿ ಅಕ್ಕ ಒಬ್ಬರೇ. ವಯಸ್ಸು ಐವತ್ತೇಳು. ಬಾಗಿಲು ಕಾಯುವುದು, ಸರದಿ ಕೂಗುವುದು, ರಕ್ತದ ಶೀಶೆಗಳನ್ನು ಲ್ಯಾಬಿಗೆ ಮುಟ್ಟಿಸುವುದು ಅವರ ಕೆಲಸ. ದಿನಕ್ಕೆ ಮೂವತ್ತೈದು, ನಲವತ್ತು ಜನ ಬರುತ್ತಾರೆ. ಅವರಲ್ಲಿ ಹೆಚ್ಚಿನವರಿಗೆ ಏನೂ ಆಗಿರುವುದಿಲ್ಲ, ಉಳಿದವರಲ್ಲಿ ಬಹುಪಾಲು ಜನರದ್ದು ಔಷಧಿಯಿಂದ ಹೋಗುವ ಕಾಯಿಲೆ. ಆದರೆ ಕಾರಿಡಾರಿನಲ್ಲಿ ಕೂತಾಗ ಎಲ್ಲರ ಮುಖವೂ ಒಂದೇ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜನ.

ಹಕ್ಕಿಗಳು ಬಂದ ಕಥೆಯನ್ನು ಅಕ್ಕ ನಗುನಗುತ್ತಲೇ ಹೇಳುತ್ತಾರೆ. ಮೊದಲು ಇಲ್ಲಿ ಹೆಸರು ಬರೆದುಕೊಂಡು ಕೂಗುತ್ತಿದ್ದರು. ನಿಜವಾದ ಹೆಸರು ಯಾರು ಹೇಳುತ್ತಾರೆ? "ಸುಳ್ಳು ಹೆಸರು ಹೇಳೋದು, ಕೂತ್ಕೊಂಡ ಮೇಲೆ ಅದನ್ನ ಮರ್ತುಬಿಡೋದು! ಒಬ್ಬನ್ನ ಐದು ಸಲ ಕೂಗ್ದೆ. ಅವನೇ ಸಿಟ್ಟು ಮಾಡ್ಕೊಂಡು, 'ಯಾವನ್ರೀ ಅವನು, ಕಿವಿ ಕೇಳ್ಸಲ್ವಾ' ಅಂತ ಎಲ್ಲರನ್ನೂ ಬೈದ. ನೋಡಿದ್ರೆ ಅದು ಅವನದೇ ಹೆಸ್ರು!" ಇನ್ನೊಂದು ದಿನ ಮೂವರು ಬಂದು ಒಂದೇ ಹೆಸರು ಬರೆಸಿದ್ದರಂತೆ. ಅದು ಬಾಗಿಲ ಮೇಲಿನ ಬೋರ್ಡಿನಲ್ಲಿದ್ದ ಡಾಕ್ಟರ ಹೆಸರು.

ನಗುವ ಮಾತು ಹೌದು, ಆದರೆ ಒಬ್ಬರ ವರದಿ ಇನ್ನೊಬ್ಬರ ಕೈಗೆ ಹೋದರೆ ಗತಿಯೇನು? ಅಕ್ಕ ಡಾಕ್ಟರ ಒಪ್ಪಿಗೆ ಪಡೆದು, ಶಾಲೆಯಲ್ಲಿ ಪಾಠ ಹೇಳುವ ಮಗಳಿಂದ ಹಕ್ಕಿಗಳ ಚಿತ್ರ ಬರೆಸಿದರು. ಚೀಟಿಯ ಹಿಂದೆ ಒಂದು ನಂಬರು, ಅದೇ ನಂಬರು ವರದಿಯ ಮೇಲೆ. ಈಗ "ಗಿಳಿ ಬನ್ನಿ", "ಮೈನಾ ಒಳಗೆ ಹೋಗಿ" ಎಂದು ಕೂಗಿದರೆ ಹೆದರಿ ಕೂತವರ ತುಟಿಯೂ ಒಂದಿಷ್ಟು ಅರಳುತ್ತದೆ. ಕಟ್ಟಿನಲ್ಲಿ ಗೂಬೆ ಮಾತ್ರ ಇಲ್ಲ. "ಇಲ್ಲಿಗೆ ಬರೋರ ಮೇಲೆ ಊರೇ ಗೂಬೆ ಕೂರಿಸಿರುತ್ತೆ. ನಾನೂ ಕೂರಿಸ್ಲಾ?" ಎನ್ನುತ್ತಾರೆ. ಕಾಗೆಯ ಚೀಟಿ ಉಂಟು. 'ನನಗಲ್ಲ, ನನ್ನ ಸ್ನೇಹಿತನಿಗೆ ಕೇಳೋಣ ಅಂತ ಬಂದೆ' ಎನ್ನುವವರಿಗೆ ಅದನ್ನೇ ಕೊಡಬೇಕೆಂಬ ಆಸೆ, ಕಾಗೆ ಹಾರಿಸುವವರಿಗೆ ಕಾಗೆಯೇ ಸರಿ ಎಂದು. ಇದುವರೆಗೆ ಕೊಟ್ಟಿಲ್ಲ.

ಈ ಭಯ ಅವರಿಗೆ ಹೊಸದಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ಇದೇ ಕಾರಿಡಾರು ಗುಡಿಸುತ್ತಿದ್ದಾಗ ಅವರಿಗೂ ಹೇಳಿಕೊಳ್ಳಲಾಗದ ಜಾಗದಲ್ಲಿ ಉರಿ, ತುರಿಕೆ ಶುರುವಾಯಿತು. ಇನ್ನು ತನ್ನ ಕಥೆ ಮುಗಿಯಿತು ಎಂದುಕೊಂಡರು. ಊಟ ಸೇರದೆ ರವಿಕೆಗಳೆಲ್ಲ ಸಡಿಲವಾದವು. ದಿನವೂ ಈ ಬಾಗಿಲ ಮುಂದೆಯೇ ಕಸ ಗುಡಿಸಿದರೂ ಒಳಗೆ ಕಾಲಿಡಲು ಧೈರ್ಯ ಬರಲಿಲ್ಲ. ಕೊನೆಗೆ ಹಿರಿಯ ನರ್ಸೊಬ್ಬರು ಕೈ ಹಿಡಿದು ಎಳೆದುಕೊಂಡು ಹೋದರು. ಸಾಮಾನ್ಯವಾದೊಂದು ಸೋಂಕು, ಅಷ್ಟೇ. "ಏಳು ದಿನದ ಮಾತ್ರೆಗೆ ಏಳು ತಿಂಗಳು ಅತ್ತಿದ್ದೆ ನೋಡಿ. ನಮ್ಮೆಜಮಾನ್ರೂ ನುಂಗ್ಬೇಕು ಅಂದ್ರು ಡಾಕ್ಟ್ರು. ಮೂರು ದಿನ ಮಾತು ಬಿಟ್ರು ಮಹಾನುಭಾವ. ನಾಲ್ಕನೇ ದಿನ ಮಾತ್ರೆ ನುಂಗಿದ್ರು." ಈ ಬಾಗಿಲಿಗೆ ಜನ ಬೇಕೆಂದಾಗ ಎಲ್ಲರೂ ಮೂಗು ಮುರಿದರು, ಅಕ್ಕ ತಾವೇ ಕೇಳಿ ಹಾಕಿಸಿಕೊಂಡರು. ಬಂಧುಗಳ ಮನೆಯಲ್ಲಿ ಕೆಲವು ವರ್ಷ ಅವರಿಗೆ ಬೇರೆ ಲೋಟವಿತ್ತು. ಈಗ ಇಲ್ಲ. 

ಅವರ ಸಂಕಟವೆಲ್ಲ ವರದಿಗಳದ್ದು. ರಕ್ತ ಕೊಟ್ಟು ಹೋದವರಲ್ಲಿ ಹತ್ತಕ್ಕೆ ಇಬ್ಬರು ಫಲಿತಾಂಶ ಕೇಳಲು ಬರುವುದೇ ಇಲ್ಲ. ಈ ವಾರ ಹಾಗೆ ಉಳಿದಿರುವುದು ಮಿಂಚುಳ್ಳಿಯ ವರದಿ. ಮಿಂಚುಳ್ಳಿ ಎಂದರೆ ಕಟಿಂಗ್ ಶಾಪ್ ಇಟ್ಟಿರುವ, ಮೂವತ್ತು ದಾಟಿದ, ಮದುವೆಯಾದ ಮನುಷ್ಯ. ಇದನ್ನು ಬರೆಯಲು ಗಂಡಹೆಂಡತಿ ಇಬ್ಬರೂ ಆಮೇಲೆ ಒಪ್ಪಿದರು, ಹೆಸರೊಂದು ಬೇಡ ಎಂದರು. ಒಂದು ಸಲ ಎಡವಿದ. ಆಮೇಲೊಂದು ನೋವಿಲ್ಲದ ಹುಣ್ಣು ಎದ್ದು ತಾನಾಗಿಯೇ ಮಾಯಿತು. ಗಾಯ ಮಾಯ್ದರೂ ಗಾಬರಿ ಮಾಯಲಿಲ್ಲ. ಮೊಬೈಲಿನಲ್ಲಿ ಓದಿದ್ದೇ ಓದಿದ್ದು, ನಿದ್ದೆ ಹಾರಿಹೋಯಿತು. ಗಡ್ಡ ಮಾತ್ರ ತೆಗೆ ಎಂದ ಗಿರಾಕಿಯ ಅರ್ಧ ಮೀಸೆಯನ್ನೂ ತೆಗೆದುಬಿಟ್ಟ. ವರದಿಗೆಂದು ಮೂರು ದಿನ ಬೆಳಿಗ್ಗೆ ಗೇಟಿನವರೆಗೆ ಬಂದು, ನಲ್ಲಿ ನೀರು ಕುಡಿದು, ಹಾಗೇ ವಾಪಸಾಗಿದ್ದಾನೆ. ಅಕ್ಕ ಕಿಟಕಿಯಿಂದ ನೋಡಿದ್ದಾರೆ. ವರದಿಯಲ್ಲಿ ಏನಿದೆಯೋ ಅವರಿಗೆ ಗೊತ್ತಿಲ್ಲ. ಆದರೆ ಕಾಯಿಲೆಯೇ ಇದ್ದರೆ ಅದು ಮನೆಯಲ್ಲಿರುವ, ಏನೂ ಅರಿಯದ ಹೆಂಡತಿಗೂ ದಾಟುತ್ತದೆ.

ನಾಲ್ಕನೇ ಬೆಳಿಗ್ಗೆ ಅಕ್ಕ ತಡೆಯಲಾರದೆ ನಲ್ಲಿಯ ಹತ್ತಿರವೇ ಹೋಗಿ ನಿಲ್ಲುತ್ತಾರೆ. "ನೀರು ಸಾಕಪ್ಪ, ಹೊಟ್ಟೆ ಕೆಟ್ಟೀತು. ಹೆಸರಿರೋ ಕಾಯಿಲೆಗೆ ಮದ್ದಿದೆ. ಹೆಸರಿಲ್ಲದ ಹೆದ್ರಿಕೆಗೆ ನಮ್ಮ ಡಾಕ್ಟ್ರ ಹತ್ರಾನೂ ಮದ್ದಿಲ್ಲ. ಬಾ." ಆತ ಮಗುವಿನಂತೆ ಹಿಂದೆ ಬರುತ್ತಾನೆ.

ಅರ್ಧ ಗಂಟೆಯ ಮೇಲೆ ಕುಂಟುತ್ತಾ ಹೊರಬರುತ್ತಾನೆ. ಸೊಂಟದ ಕೆಳಗೆ ದಪ್ಪ ಸೂಜಿಯ ಇಂಜೆಕ್ಷನ್ ಬಿದ್ದಿದೆ. ಮುಖದಲ್ಲಿ ಮಾತ್ರ ತಿಂಗಳ ನಂತರದ ಮೊದಲ ನಗು. "ಸಿಫಿಲಿಸ್ ಅಂತೆ ಅಕ್ಕಾ. ಬೇಗ ಗೊತ್ತಾಯ್ತಂತೆ, ಇದೊಂದೇ ಇಂಜೆಕ್ಷನ್ ಸಾಕಂತೆ. ಮತ್ತೆ ಮತ್ತೆ ರಕ್ತ ತೋರಿಸ್ತಿರ್ಬೇಕಂತೆ." ನಗು ಅಲ್ಲಿಗೇ ನಿಲ್ಲುತ್ತದೆ. "ಅವಳನ್ನೂ ಕರ್ಕೊಂಡು ಬಾ ಅಂದ್ರು. ಹೇಗೆ ಹೇಳ್ಲಿ?"

"ನಾನೇ ನಿನ್ನ ಹೆಂಡ್ತಿ ಅಂದ್ಕೋ. ಹೇಳು."

ಆತ ಕೈ ಮುಗಿಯುತ್ತಾನೆ. "ಅಕ್ಕಾ..."

"ಹೆಂಡ್ತೀನ ಅಕ್ಕಾ ಅಂತೀಯಾ? ಅಲ್ಲೇ ಕೆಟ್ಟೆ!"

"ಅಂಗಡೀಲಿ ಯಾರದೋ ಬ್ಲೇಡು ತಾಗಿ..."

"ಕಾಗೆ ಹಾರಿಸ್ಬೇಡ. ತಪ್ಪು ಮಾಡ್ದೆ, ಪರೀಕ್ಷೆ ಮಾಡಿಸ್ದೆ, ಇಂಜೆಕ್ಷನ್ ತಗೊಂಡೆ, ನೀನೂ ಬಾ. ನಾಲ್ಕೇ ಮಾತು. ಅವಳು ಬೈದ್ರೆ ಬೈಸ್ಕೋ. ಅದು ನಿನಗೆ ಸಲ್ಲಬೇಕಾದ್ದೇ."

ಮಾರನೆಯ ದಿನ ಅಕ್ಕ ಚೀಟಿ ಕಲೆಸುತ್ತಿದ್ದಾರೆ, ಕಣ್ಣೆಲ್ಲ ಗೇಟಿನ ಮೇಲೆ. ಎಂಟು ಗಂಟೆಗೆ ಒಬ್ಬ ಹೆಂಗಸು ಬಿರಬಿರನೆ ಬರುತ್ತಾಳೆ. ಅತ್ತು ಊದಿದ ಕಣ್ಣು, ನೆಟ್ಟಗಿನ ಬೆನ್ನು. ಹತ್ತು ಹೆಜ್ಜೆ ಹಿಂದೆ, ಕುಂಟುತ್ತಾ, ಮಿಂಚುಳ್ಳಿ.

"ಹೆಸರು ಬೇಡಮ್ಮ, ಒಂದು ಹಕ್ಕಿ ತಗೊಳ್ಳಿ" ಎಂದು ಅಕ್ಕ ಚೀಟಿಗಳನ್ನು ಮುಂದೆ ಹಿಡಿಯುತ್ತಾರೆ.

"ನನಗ್ಯಾಕೆ ಹಕ್ಕಿ? ನನ್ನ ಹೆಸರೇ ಬರ್ಕೊಳ್ಳಿ. ಹಾರಾಡಿದ್ದು ಇವ್ರು, ನಾನಲ್ಲ!"

ಕಾರಿಡಾರಿಗೆ ಕಾರಿಡಾರೇ ನಗುತ್ತದೆ. ತಲೆ ತಗ್ಗಿಸಿದ್ದ ಗಂಡನೂ ತಡೆಯಲಾರದೆ ನಕ್ಕು, ಹೆಂಡತಿ ತಿರುಗಿ ನೋಡಿದಾಗ ಸುಮ್ಮನಾಗುತ್ತಾನೆ. ಗಂಡನನ್ನು ಬಿಟ್ಟುಹೋಗುವ ಯೋಚನೆ ಇದೆಯೇ ಎಂದು ಅಕ್ಕ ಆಕೆಯನ್ನು ಮೆಲ್ಲಗೆ ಕೇಳುತ್ತಾರೆ. "ಮೊದ್ಲು ಇಬ್ರೂ ಗುಣ ಆಗ್ಬೇಕಲ್ಲ ಅಕ್ಕಾ. ಜಗಳ ಆಡೋಕೆ ಮೈಯಲ್ಲಿ ಶಕ್ತಿ ಬೇಡ್ವಾ? ಹೇಳ್ದೆ ಇದ್ದಿದ್ರೆ ಮಾತ್ರ ಬಿಡ್ತಿದ್ದೆ" ಎನ್ನುತ್ತಾಳೆ ಆಕೆ.

ಆಕೆಯ ರಕ್ತ ಲ್ಯಾಬಿಗೆ ಹೋಗುತ್ತದೆ. ಫಲಿತಾಂಶಕ್ಕೆ ಕಾಯದೆ ಡಾಕ್ಟರು ಆಕೆಗೂ ಇಂಜೆಕ್ಷನ್ ಕೊಡುತ್ತಾರೆ. ಸ್ವಲ್ಪ ಹೊತ್ತು ಕೂತು ಹೋಗಿ ಎನ್ನುತ್ತಾರೆ ನರ್ಸು. ಹೊರಗಿರುವುದೆಲ್ಲ ಒಂಟಿ ಕುರ್ಚಿಗಳು, ದೂರ ದೂರ ಇಟ್ಟವು. ಹಿಂದೆ ಇಲ್ಲಿ ಯಾರೂ ಯಾರ ಪಕ್ಕವೂ ಕೂರುತ್ತಿರಲಿಲ್ಲ. ಅಕ್ಕ ತಮ್ಮ ಸ್ಟೂಲನ್ನು ಎಳೆದು ತಂದು ಆಕೆಯ ಪಕ್ಕಕ್ಕೆ ಹಾಕಿ, ಗಂಡನನ್ನು ಕೂರಿಸಿ, ತಾವು ಬಾಗಿಲಿಗೆ ಒರಗಿ ನಿಲ್ಲುತ್ತಾರೆ. ಗಂಡ ನೀರಿನ ಬಾಟಲಿ ಮುಂದೆ ಹಿಡಿಯುತ್ತಾನೆ. ಆಕೆ ಮುಖ ತಿರುಗಿಸಿಕೊಂಡೇ ಬಾಟಲಿ ತೆಗೆದುಕೊಳ್ಳುತ್ತಾಳೆ.

ನಿವೃತ್ತಿಗೆ ಮೂರು ವರ್ಷವಿದೆ, ಅಷ್ಟರೊಳಗೆ ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ಚೀಟಿ ಅಕ್ಕ ಅವರಿಬ್ಬರ ಕಡೆ ಕಣ್ಣು ಹಾಯಿಸುತ್ತಾರೆ.

"ಇಬ್ರು ಕೂರೋವಂಥ ಒಂದು ಬೆಂಚು ಹಾಕಿಸ್ಕೊಡಿ ಅಂತ ಬರೀರಿ. ಈಗೀಗ ಜೋಡಿಯಾಗಿ ಬರ್ತಿದ್ದಾರೆ."