ಹುಸೇನಬಿಗೆ ಗೊತ್ತಿದ್ದದ್ದು

ಯಾರ ಕಣ್ಣು ತಾಗಿತೋ ಎಂದು ಯಾರಾದರೂ ಬಾಯಿ ತೆರೆದರೆ ಸಾಕು, ಹುಸೇನಬಿ ಬಾಯಲ್ಲಿದ್ದ ಎಲೆ ತಂಬಾಕನ್ನು ಪಿಚಕ್ಕನೆ ಅಂಗಳಕ್ಕೆ ಉಗಿಯುತ್ತಿದ್ದಳು. ಅದೇ ಅವಳ ಉತ್ತರ. ಸುರಪುರದ ನಮ್ಮ ಓಣಿಯಲ್ಲಿ ಹಿಂದೂ, ಮುಸಲ್ಮಾನ ಎನ್ನದೆ ಎರಡು ತಲೆಮಾರಿನ ಹೆರಿಗೆ ಮಾಡಿಸಿದ ಸೂಲಗಿತ್ತಿ ಅವಳು.

ನಾನು ಮೂರು ಸಲ ಬಸುರಾದೆ, ಮೂರೂ ಸಲ ಇಳಿದುಹೋಯಿತು. ಕಾರಣ ಊರಿಗೆಲ್ಲ ಗೊತ್ತಿತ್ತು. ಎದುರುಮನೆಯವಳ ಪ್ರಕಾರ ನಾನು ಗ್ರಹಣ ನೋಡಿದ್ದೆ, ಪಕ್ಕದವಳ ಪ್ರಕಾರ ಮಂತ್ರಿಸಿದ ನಿಂಬೆಹಣ್ಣು ದಾಟಿದ್ದೆ. ಶಹಾಪುರದ ತಾಯಿತದವನಂತೂ ನನ್ನ ಮುಖವನ್ನೂ ನೋಡದೆ ನಾಗದೋಷ ಕಂಡುಹಿಡಿದ ಮಹಾಪಂಡಿತ. ನಿಜಾಮರ ಕಚೇರಿಯಲ್ಲಿ ದಿನವಿಡೀ ಉರ್ದು ಬರೆಯುತ್ತಿದ್ದ ನನ್ನ ಗಂಡನಿಗೆ ಮನೆಯಲ್ಲಿ ಮಾತ್ರ ಬಾಯೇ ಇರಲಿಲ್ಲ. ಅತ್ತೆ ಅವನಿಗಾಗಿ ಮುದನಾಳದಲ್ಲಿ ಇನ್ನೊಂದು ಹೆಣ್ಣು ನೋಡಿಟ್ಟಿದ್ದಳು.

ಹುಸೇನಬಿಯೊಬ್ಬಳೇ ಗೊತ್ತಿಲ್ಲ ಎಂದವಳು. ಯಾದಗಿರಿಯ ದವಾಖಾನೆಯಲ್ಲಿ ಡಾಕ್ಟರಮ್ಮನೊಬ್ಬಳ ಕೈಕೆಳಗೆ ಕೆಲಕಾಲ ದುಡಿದಿದ್ದಳು. ನನ್ನ ಪಕ್ಕ ಕೂತು ಹೇಳಿದಳು: “ಒಮ್ಮೊಮ್ಮಿ ಗರ್ಭಚೀಲದ ಬಾಯಿ ಸಡ್ಲ ಇರ್ತದ. ಒಮ್ಮೊಮ್ಮಿ ರಕ್ತದಾಗ ಬ್ಯಾನಿ ಇರ್ತದ, ಅದು ಗಂಡಸಿನಿಂದಾನೂ ಬರ್ತದ. ಭಾಳ ಸಲ ಪಿಂಡಾನೇ ಸರಿಯಾಗಿ ಕೂಡಿರಂಗಿಲ್ಲ. ನಿಂದು ಯಾವ್ದಂತ ನನಗ ಗೊತ್ತಿಲ್ಲ ಮಗಳ. ಡಾಕ್ಟರಮ್ಮಗೂ ಎಷ್ಟೋ ಸಲ ಗೊತ್ತಾಗ್ತಿದ್ದಿಲ್ಲ. ನೀ ಏನೂ ತಪ್ಪು ಮಾಡಿಲ್ಲ, ಅದೊಂದು ಗೊತ್ತದ.” ಆವತ್ತು ಬಾಯಿಬಿಟ್ಟು ಅತ್ತುಬಿಟ್ಟೆ.

ನಾದಿನಿಗೆ ಏಳು ತಿಂಗಳು ತುಂಬಿ ಸೀಮಂತದ ಕುಬಸ ಮಾಡಿದರು. ಕಳೆದುಕೊಂಡವಳು ಬಸುರಿಯ ಉಡಿ ತುಂಬಬಾರದೆಂದು ಅತ್ತೆ ನನ್ನನ್ನು ಅಡುಗೆಮನೆಗೆ ಅಟ್ಟಿದಳು. ಪಡಸಾಲೆಯಲ್ಲಿ ಓಣಿಯ ಮುತ್ತೈದೆಯರೆಲ್ಲ ಹೊಸ ಸೀರೆ ಉಟ್ಟು ಕೂತಿದ್ದರು. ಬಾಗಿಲ ಬಳಿಯಿದ್ದ ಹುಸೇನಬಿ ಎದ್ದು ನಿಂತಳು.

“ಕಳಕೊಂಡಾಕಿ ಇಲ್ಲಿ ಇರಬಾರ್ದಂದ್ರ, ಕುಂತವರಾಗ ಭಾಳ ಮಂದಿ ಏಳಬೇಕಾಗ್ತದ. ನೀವಾಗೇ ಏಳ್ತೀರೋ, ನಾ ಹೆಸರು ಹೇಳ್ಲೋ?”

ಯಾರೂ ಏಳಲಿಲ್ಲ. ಎಲ್ಲರಿಗೂ ಒಮ್ಮೆಲೇ ಸೆರಗು ಸರಿಮಾಡಿಕೊಳ್ಳುವ ಕೆಲಸ ಬಿತ್ತು. ಗ್ರಹಣದವಳೂ ನಿಂಬೆಹಣ್ಣಿನವಳೂ ನೆಲ ನೋಡುತ್ತಿದ್ದರು. ಕೊನೆಗೆ ಅತ್ತೆ ತಲೆ ಎತ್ತದೆಯೇ ನನ್ನನ್ನು ಕರೆದು, ಅಕ್ಕಿ ಕೊಬ್ಬರಿಯ ತಟ್ಟೆಯನ್ನು ನನ್ನ ಕಡೆ ಸರಿಸಿದಳು. ನಾನು ಉಡಿ ತುಂಬಿದೆ. ಮುದನಾಳದ ಹೆಣ್ಣಿನ ಮಾತು ಆಮೇಲೆ ನಮ್ಮ ಮನೆಯಲ್ಲಿ ಏಳಲಿಲ್ಲ. ನನಗೆ ಮಕ್ಕಳಾಗಲೂ ಇಲ್ಲ.

ನಿಜಾಮರ ಆಳ್ವಿಕೆ ಮುಗಿಯುವ ಮುಂಚಿನ ಚಳಿಗಾಲದಲ್ಲಿ ಹುಸೇನಬಿ ತೀರಿಕೊಂಡಳು. ಸುದ್ದಿ ಬಂದಾಗ ಅತ್ತೆ ಜೋಳ ಹಸನು ಮಾಡುತ್ತಿದ್ದಳು. ಮೊರ ಕೆಳಗಿಟ್ಟಳು. ಆಮೇಲೆ ನನ್ನ ಕಡೆ ನೋಡದೆ ಹೇಳಿದಳು:

“ನನ್ನವೂ ಎರಡು ಹೋಗಿದ್ದುವು. ಅಕಿನೇ ಕೈಯಾರ ಮಣ್ಣಾಗ ಇಟ್ಟು ಬಂದಾಕಿ. ಎಲ್ಲಿಟ್ಟಿ ಅಂತ ನಾ ಒಮ್ಮಿನೂ ಕೇಳ್ಲಿಲ್ಲ.”